ಅಂಟುದೆವ್ವದ ಮ್ಯಾನೇಜರ್

ಆತ ತೀರಿಕೊಂಡ ಸುದ್ದಿಯನ್ನು ಪಕ್ಕದ ಮನೆಯ ಕಾಕಾ ಗೇಟಿನ ಆಚೆ ನಿಂತೇ ಹೇಳಿದರು. ಬೆಳಗಾವಿಯ ಮಹಾಂತೇಶ ನಗರದ ನಮ್ಮ ಮನೆಯ ಅಂಗಳದಲ್ಲಿ ನಾನು ಜೋಳ ಹಸನು ಮಾಡುತ್ತ ಕುಳಿತಿದ್ದೆ. "ಹೌದೇನ್ರೀ" ಎಂದೆ, ಮೊರ ಕೆಳಗಿಡಲಿಲ್ಲ. "ಭಾಳ ಛಲೋ ಮನಷ್ಯಾ ಇದ್ದ, ಪಾಪ. ಯಾವಾಗ ನೋಡಿದ್ರೂ ನಕ್ಕೋತ ಮಾತಾಡಸ್ತಿದ್ದ" ಎಂದು ಅವರು ಮುಂದುವರಿಸಿದಾಗ ಮಾತ್ರ ಕೈ ನಿಂತಿತು. ನಗುತ್ತಿದ್ದುದೇನೋ ನಿಜ. ಆತನಷ್ಟು ನಗುವ ಇನ್ನೊಬ್ಬ ಮನುಷ್ಯನನ್ನು ನಾನು ಕಂಡಿಲ್ಲ. ಎದುರಿಗಿದ್ದವರು ಅಳುವಾಗಲೂ ನಗಬಲ್ಲವನಾಗಿದ್ದ. ಕಾಕಾ ಹೋದ ಮೇಲೆ ಜೋಳದಲ್ಲಿ ಮನಸ್ಸು ನಿಲ್ಲಲಿಲ್ಲ. ಊರೆಲ್ಲ ಆತನನ್ನು ಒಳ್ಳೆಯವನೆಂದು ಹೂಳುವ ಮೊದಲು ಗೊತ್ತಿದ್ದವರಾದರೂ ಒಂದಿಷ್ಟು ಹೇಳಬೇಕು ಅನ್ನಿಸಿತು.

ಎರಡು ಸಾವಿರದ ಇಸವಿಯ ಆಸುಪಾಸಿನ ಮಾತು. ಬೆಳಗಾವಿಯದೇ ಅನಗೋಳದ ಹುಡುಗಿ ನಾನು, ಬಿ.ಎ.ಯಲ್ಲಿ ಒಂದು ವಿಷಯ ಉಳಿಸಿಕೊಂಡಿದ್ದೆ. ಖಾನಾಪುರದಲ್ಲಿದ್ದ ಸೋದರಮಾವನ ಮನೆಗೆ ಅತ್ತೆಯ ಬಾಣಂತನಕ್ಕೆಂದು ಹೋದವಳು ಅಲ್ಲೇ ಉಳಿದೆ. ಊರಿನ ಟಾಕೀಸಿಗೆ ಲೇಡೀಜ್ ಗೇಟು ಕಾಯಲು ಮರ್ಯಾದಸ್ಥ ಮನೆಯ ಹೆಣ್ಣುಮಗಳು ಬೇಕೆಂದು ಅಲ್ಲಿ ಮ್ಯಾನೇಜರಾಗಿದ್ದ ಆತ ಮಾವನಿಗೆ ಹೇಳಿದ್ದನಂತೆ. ಟಿಕೆಟ್ ಹರಿಯುವುದು, ಕತ್ತಲಲ್ಲಿ ಬ್ಯಾಟರಿ ಬಿಟ್ಟು ಕುರ್ಚಿ ತೋರಿಸುವುದು, ಹೆಂಗಸರ ಕಡೆ ಗಂಡಸರು ಸುಳಿಯದಂತೆ ನೋಡುವುದು, ಇಷ್ಟೇ ಕೆಲಸ. ಹಗಲು ಆಟಗಳಿಗೆ ಮಾತ್ರ ಬಂದರೆ ಸಾಕು ಎಂದಿದ್ದರಿಂದ ಮಾವ ಒಪ್ಪಿದ.

ಮೊದಲ ದಿನ ಆತ ನನ್ನನ್ನು ಕುಳಿತುಕೋ ಎನ್ನಲಿಲ್ಲ. ಬಿಳಿ ಸಫಾರಿ, ಬಾಯಲ್ಲಿ ಲವಂಗ, ಕೂದಲಿಗೆ ಹಚ್ಚಿದ ಕಪ್ಪು ಬಣ್ಣ ಕಿವಿಯ ಮೇಲೂ ಒಂದಿಷ್ಟು. ಕೀಲಿಗೊಂಚಲನ್ನು ಬೆರಳಿನ ಸುತ್ತ ತಿರುಗಿಸುತ್ತ ಕೇಳಿದ:

"ಮರಾಠಿ ಬರತೈತಿ?"

"ಬರತೈತ್ರೀ."

"ಬಾಯಿ ಮುಚ್ಚಿಕೊಂಡಿರಾಕ ಬರತೈತಿ?"

ಏನು ಹೇಳಬೇಕೋ ತಿಳಿಯದೆ ನಿಂತೆ. ಆತ ತನ್ನ ಮಾತಿಗೆ ತಾನೇ ನಕ್ಕ. "ಬರತೈತಿ ಬಿಡು, ಈಗ ಮುಚ್ಚಿಕೊಂಡೇ ಇದ್ದೀಯಲ್ಲಾ."

ನಾವೆಲ್ಲ ಆತನನ್ನು 'ಸಾಹೇಬ್ರ' ಎನ್ನುತ್ತಿದ್ದೆವು. ಆ ಸಾಹೇಬರಿಗೂ ಒಬ್ಬ ಸಾಹೇಬರಿದ್ದರು: ಬೆಳಗಾವಿಯಲ್ಲಿದ್ದ ಟಾಕೀಸಿನ ಮಾಲೀಕರು. ಅವರ ಫೋನು ಬಂತೆಂದರೆ ಆತ ಮೊದಲು ಎದ್ದು ನಿಲ್ಲುತ್ತಿದ್ದ, ಕೊರಳ ಗುಂಡಿ ಹಾಕಿಕೊಳ್ಳುತ್ತಿದ್ದ, ಬಾಯಲ್ಲಿದ್ದ ಲವಂಗ ತೆಗೆದು ಮೇಜಿನ ಅಂಚಿನ ಮೇಲಿಡುತ್ತಿದ್ದ, ಆಮೇಲೆ ರಿಸೀವರು ಎತ್ತುತ್ತಿದ್ದ. ಮಾತು ಮುಗಿಯುವವರೆಗೆ ಬೆನ್ನು ಬಾಗಿಯೇ ಇರುತ್ತಿತ್ತು. ಫೋನು ಇಟ್ಟ ಕೂಡಲೇ ಬೆನ್ನು ನೆಟ್ಟಗಾಗಿ, ಲವಂಗ ಮತ್ತೆ ಬಾಯಿಗೆ ಹೋಗಿ, ಎದುರಿಗೆ ಯಾರು ಸಿಕ್ಕರೋ ಅವರಿಗೆ ಬೈಗುಳ ಶುರುವಾಗುತ್ತಿತ್ತು. ಹೆಚ್ಚಾಗಿ ಸಿಗುತ್ತಿದ್ದವನು ಕಸ ಗುಡಿಸುವ ಮುದುಕ. ಆ ಮುದುಕ ಫೋನಿನ ಗಂಟೆ ಕೇಳಿದ ಕೂಡಲೇ ಪೊರಕೆ ಬಿಟ್ಟು ಹಿತ್ತಲಿಗೆ ಹೋಗುವುದನ್ನು ಕಲಿತಿದ್ದ.

ಒಮ್ಮೆ ದೇವರ ಸಿನಿಮಾ ಬಂದಿತ್ತು. ಆ ವಾರವೆಲ್ಲ ಆತ ಧೋತರ ಉಟ್ಟು, ಹಣೆಗೆ ಕುಂಕುಮ ಬಳಿದುಕೊಂಡು, ಚಪ್ಪಲಿ ಬಿಟ್ಟು ಬಾಗಿಲಲ್ಲಿ ಕೈಮುಗಿದು ನಿಂತಿದ್ದ. ಬಾಗಿಲ ಬದಿಗೆ ಒಂದು ಕಲ್ಲು ಹಾಕಿಸಿದ್ದ. ಹಳ್ಳಿಯ ಹೆಂಗಸರು ಅದಕ್ಕೆ ಕಾಯಿ ಒಡೆದು ಒಳಗೆ ಬರುತ್ತಿದ್ದರು. ಒಡೆದ ಹೋಳುಗಳು ಹಿಂದಿನ ಬಾಗಿಲಿನಿಂದ ಬಸ್‌ಸ್ಟ್ಯಾಂಡಿನ ಹೋಟೆಲಿಗೆ ಚಟ್ನಿಯಾಗಲು ಹೋಗುತ್ತಿದ್ದವು. ಒಬ್ಬ ಮುದುಕಿ ಆತನನ್ನೇ ಪೂಜಾರಿ ಎಂದು ತಿಳಿದು ಕಾಲಿಗೆ ಬಿದ್ದಳು. ಆತ ಕಾಲು ಹಿಂದೆ ತೆಗೆಯಲಿಲ್ಲ. ತಲೆ ಮುಟ್ಟಿ ಆಶೀರ್ವಾದ ಮಾಡಿ, ಆಕೆ ಒಳಗೆ ಹೋದ ಮೇಲೆ ನನ್ನ ಕಡೆ ತಿರುಗಿ ಕಣ್ಣು ಮಿಟುಕಿಸಿದ. "ಪಬ್ಲಿಕ್ ಅಂದ್ರ ಎಮ್ಮಿ ಇದ್ದಾಂಗ ತಂಗಿ. ಕರಾ ಸತ್ರೂ, ಹುಲ್ಲು ತುಂಬಿದ ಕರಾ ಮುಂದ ಇಟ್ರ ಹಾಲು ಬಿಡತೈತಿ." ಆ ಮಾತನ್ನು ಆತ ದಿನಕ್ಕೊಮ್ಮೆಯಾದರೂ ಆಡುತ್ತಿದ್ದ. ಆಡಿದಾಗಲೆಲ್ಲ ಮೊದಲ ಸಲ ಹೊಳೆದಂತೆ ಖುಷಿಪಡುತ್ತಿದ್ದ.

ಹೀಗಿರುವಾಗ ಆ ದೆವ್ವದ ಸಿನಿಮಾ ಬಂತು. ಹಿಂದಿ ಚಿತ್ರ, ಹೆಸರು ಈಗ ಯಾರಿಗೂ ನೆನಪಿರಲಾರದು. ಹಳೆಯ ಹವೇಲಿಗೆ ಮದುವೆಯಾಗಿ ಬಂದ ಸೊಸೆಗೆ ದೆವ್ವ ಬಡಿಯುತ್ತದೆ. ಆಕೆ ಯಾರ ಮುಂಗೈ ಹಿಡಿಯುತ್ತಾಳೋ ಅವರಿಗೆ ಅದು ದಾಟುತ್ತದೆ. ಹಿಡಿದವಳು ಹಗುರಾಗಿ ಮಲಗುತ್ತಾಳೆ, ಹಿಡಿಸಿಕೊಂಡವರು ಕಣ್ಣು ತಿರುಗಿಸಿ ಏಳುತ್ತಾರೆ. ಸೊಸೆಯಿಂದ ಕೆಲಸದಾಕೆಗೆ, ಆಕೆಯಿಂದ ನಾದಿನಿಗೆ, ನಾದಿನಿಯಿಂದ ನಾಡಿ ನೋಡಲು ಬಂದ ಡಾಕ್ಟರಿಗೆ. ಕಡೆಗೆ ಒಬ್ಬ ಪೂಜಾರಿ ಅದನ್ನು ತನ್ನ ಮೈಮೇಲೆ ತೆಗೆದುಕೊಂಡು ಬಾವಿಗೆ ಹಾರುತ್ತಾನೆ. ಎಲ್ಲ ಮುಗಿಯಿತು ಅನ್ನುವಾಗ ಬಾವಿಯೊಳಗಿಂದ ಒಂದು ಕೈ ಮೇಲೆ ಬಂದು ಪರದೆ ತುಂಬ ಚಾಚಿಕೊಳ್ಳುತ್ತದೆ. ಅಲ್ಲಿಗೆ ಚಿತ್ರ ನಿಲ್ಲುತ್ತದೆ.

ಮೈಮೇಲೆ ಬರುವುದು ನಮಗೆ ಹೊಸದಲ್ಲ. ಅನಗೋಳದ ನಮ್ಮ ಓಣಿಯ ಒಬ್ಬ ಅಜ್ಜಿಯ ಮೈಮೇಲೆ ದೇವಿ ಬರುತ್ತಿದ್ದಳು. ಬಂದರೆ ಅಜ್ಜಿಯ ಮೈಮೇಲೆ ಮಾತ್ರ. ಬಾಜೂ ಕುಳಿತು ಹಿಡಿದುಕೊಂಡವರು ಆಮೇಲೆ ಭಂಡಾರ ಹಚ್ಚಿಕೊಂಡು ಮನೆಗೆ ಹೋಗಿ ರೊಟ್ಟಿ ಬಡಿಯುತ್ತಿದ್ದರು. ದೇವರಾಗಲಿ ದೆವ್ವವಾಗಲಿ, ಅವರವರದು ಅವರವರಿಗೆ. ಮುಟ್ಟಿದರೆ ನೆಗಡಿಯ ಹಾಗೆ ಅಂಟುತ್ತದೆ ಎಂಬುದನ್ನು ನಮಗೆ ಕಲಿಸಿದ್ದು ಈ ಸಿನಿಮಾ. ಅದನ್ನು ಖಾನಾಪುರದ ಓಣಿಗಳವರೆಗೆ ಮುಟ್ಟಿಸಿದ್ದು ಆತ.

ಮೊದಲ ದಿನಗಳಲ್ಲಿ ಕುರ್ಚಿಗಳು ಖಾಲಿ ಹೊಡೆದವು. ಬೆಳಗಾವಿಯಿಂದ ಫೋನು ಬಂತು, ಬೆನ್ನು ಎಂದಿಗಿಂತ ಹೆಚ್ಚು ಬಾಗಿತು. ಆವತ್ತು ಆತ ಪ್ರೊಜೆಕ್ಟರ್ ನಡೆಸುವವನಿಗೆ ಹೇಳುತ್ತಿದ್ದುದನ್ನು ನಾನು ಕೇಳಿಸಿಕೊಂಡೆ. "ಕೊಲ್ಲೋ ದೆವ್ವ ಪಡದ್ಯಾಗ ಮುಗೀತು. ಅಂಟೋ ದೆವ್ವ ಹಂಗಲ್ಲ, ಪಬ್ಲಿಕ್ ಜೋಡಿ ಮನೀಗಿ ಹೋಗತೈತಿ. ಆ ಕೈ ಪಡದ್ಯಾಗಿಂದ ಹೊರಗ ಬರಾಕತ್ತೈತಿ, ಹಿಡ್ಯಾಕ ಇಲ್ಲೊಂದು ಕೈ ಇಲ್ಲ. ಅದಷ್ಟ ಕಮ್ಮಿ ಬಿದ್ದೈತಿ." ಆತ ಹೇಳಿದ್ದು ಸರಿಯಾಗಿಯೇ ಇತ್ತು. ತಲೆ ಇಲ್ಲದವನೆಂದು ನಾನು ಎಂದೂ ಹೇಳಲಾರೆ.

ಮರುದಿನ ಬೆಳಗಾವಿಗೆ ಹೋದವನು ಒಬ್ಬ ಹೆಂಗಸನ್ನು ಕರೆದುಕೊಂಡು ಬಂದ. ನಲವತ್ತು ದಾಟಿದವರು, ಅಗಲ ಹಣೆ, ಎಣ್ಣೆ ಹಚ್ಚಿ ಬಿಗಿದ ತುರುಬು. "ನಮ್ಮ ಸಂಬಂಧಿಕರು, ಸರೋಜಾಬಾಯಿ ಅಂತ. ನಡುವಿನ ಸಾಲಿನ್ಯಾಗ ಕುಂದರಸು" ಎಂದ. ನಾನು ಕೂರಿಸಿದೆ. ಅವರು ಮಡಿಲಲ್ಲಿ ಚುರಮುರಿ ಇಟ್ಟುಕೊಂಡು ತಿನ್ನುತ್ತ ಕುಳಿತರು. ಬಾವಿಯಿಂದ ಕೈ ಏಳುವ ಹೊತ್ತಿಗೆ ಚುರಮುರಿ ಚೆಲ್ಲಿತು. ಒಂದು ಚೀರಾಟ, ತುರುಬು ಬಿಚ್ಚಿ ಕೂದಲು ಮುಖದ ಮೇಲೆ ಬಂತು. ಗಂಡುದನಿಯಲ್ಲಿ ಏನೇನೋ ಅನ್ನುತ್ತ ಬಾಜೂ ಕುಳಿತ ಮುದುಕಿಯ ಮುಂಗೈ ಹಿಡಿದರು. ಹೆಂಗಸರೆಲ್ಲ ನನ್ನ ಗೇಟಿನ ಕಡೆ ನುಗ್ಗಿದರು. ನಾನು ಬ್ಯಾಟರಿ ಬಿಟ್ಟು ಬಾಗಿಲು ಪೂರ್ತಿ ತೆರೆದೆ.

ಎಲ್ಲ ಹೋದ ಮೇಲೆ ಹಿತ್ತಲಿಗೆ ಹೋದರೆ ಸರೋಜಾಬಾಯಿ ಕಲ್ಲಿನ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದರು. ತುರುಬು ಮೊದಲಿನ ಹಾಗೇ ಬಿಗಿದಿತ್ತು.

"ಹೆಂಗಿತ್ತವ್ವಾ? ಧ್ವನಿ ಒಂಚೂರು ಒಡೀತು ಅನಸ್ತು."

ಅವರು ನಾಟಕ ಕಂಪನಿಯವರು. ಕಂಪನಿ ಮುಚ್ಚಿಹೋಗಿ ಬೆಳಗಾವಿಯ ಶಹಾಪುರದಲ್ಲಿ ಒಂದು ಮಗ್ಗದ ಮನೆಯ ಹಿಂದಿನ ಕೋಣೆಯಲ್ಲಿದ್ದರು. "ಸತಿ ಪಾರ್ಟು ಮಾಡಾಕೀನ ತಂದು ದೆವ್ವದ ಪಾರ್ಟು ಕೊಟ್ಟಾನ ನೋಡು" ಎಂದು ನಕ್ಕರು. ನನಗೆ ನಗು ಬರಲಿಲ್ಲ. ಸಾಹೇಬರನ್ನು ಕೇಳಿದೆ. "ಜಾಹೀರಾತು, ತಂಗಿ. ನೀ ಗೇಟು ಕಾಯಿ" ಎಂದ.

ಆ ವಾರದ ರವಿವಾರ ಮ್ಯಾಟಿನಿಗೆ ಹೆಂಚಿನ ಕಾರ್ಖಾನೆಯ ಹುಡುಗಿಯರು ಗುಂಪಾಗಿ ಬಂದರು. ಖಾನಾಪುರದ ಮಣ್ಣಿನ ಹೆಂಚು ಹೆಸರಾದದ್ದು. ಹಸಿ ಹೆಂಚು ಹೊತ್ತು ನೆರಳಿಗೆ ಹಾಕುವ ಕೆಲಸಕ್ಕೆ ಬಡ ಮನೆಗಳ ಹುಡುಗಿಯರು ಹೋಗುತ್ತಿದ್ದರು. ಅವರಲ್ಲಿ ಶೋಭಾ ನಮ್ಮ ಮಾವನ ಓಣಿಯವಳೇ. ಆಕೆಯ ಅಪ್ಪ ಎಮ್ಮೆ ಕಟ್ಟಿ ಹಾಲು ಹಾಕುತ್ತಿದ್ದ. ಆಕೆಗೆ ಮದುವೆ ಗೊತ್ತಾಗಿತ್ತು. ಹುಡುಗನನ್ನು ನೋಡಿರಲಿಲ್ಲ, ಮೊದಲ ಹೆಂಡತಿ ತೀರಿಕೊಂಡವನೆಂದು ಮಾತ್ರ ಗೊತ್ತಿತ್ತು. ಹವೇಲಿಯ ಸೊಸೆಯ ಕತೆಯನ್ನು ಆ ಹುಡುಗಿ ಹೇಗೆ ನೋಡಿರಬೇಕೆಂದು ನಾನು ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ.

ಸರೋಜಾಬಾಯಿ ಅವಳ ಬಾಜೂಕೇ ಇದ್ದರು. ಹೊತ್ತು ಬಂದಾಗ ಅವಳ ಮುಂಗೈಯನ್ನೇ ಹಿಡಿದರು. ಶೋಭಾ ಚೀರಲಿಲ್ಲ. ಹಲ್ಲು ಕಚ್ಚಿಕೊಂಡವು, ಮೈ ಬಿಲ್ಲಿನ ಹಾಗೆ ಬಾಗಿ ಕುರ್ಚಿಯಿಂದ ಜಾರಿತು, ಹಿಮ್ಮಡಿ ನೆಲಕ್ಕೆ ಬಡಿಯತೊಡಗಿತು. ಸರೋಜಾಬಾಯಿಯ ಗಂಡುದನಿ ಥಟ್ಟನೆ ನಿಂತಿತು. ಕೆದರಿದ ಕೂದಲಲ್ಲೇ ಬಾಗಿ ಅವಳ ಗಲ್ಲ ತಟ್ಟಿದರು. "ತಂಗಿ, ಲೈಟ್ ಹಾಕ್ಸು. ನೀರು ತಾ. ಇದು ನಾಟಕ ಅಲ್ಲ" ಎಂದು ನನಗೆ ಕೂಗಿದರು. ನಾನು ಹೊರಗೆ ಓಡಿ ಸಾಹೇಬರಿಗೆ ಹೇಳಿದೆ. ಆತ ಬಂದು ಬಾಗಿಲ ಪರದೆ ಸರಿಸಿ ನೋಡಿದ. ಆ ಮುಖದಲ್ಲಿ ನಾನು ಕಂಡದ್ದು ಗಾಬರಿಯಲ್ಲ. ಹಬ್ಬದ ದಿನ ಹೋಳಿಗೆಯ ವಾಸನೆ ಬಂದವನ ಹಾಗಿತ್ತು.

"ಲೈಟ್ ಬ್ಯಾಡ. ಪಿಚ್ಚರ್ ಮುಗಿದ್ರೂ ಆಟ ನಡೀಲಿ" ಎಂದ.

ನೀರು ತಂದವಳು ನಾನು, ಗಾಳಿ ಹಾಕಿದವರು ಸರೋಜಾಬಾಯಿ. ಗೆಳತಿಯರಿಬ್ಬರು ಅವಳನ್ನು ಹಿಡಿದುಕೊಂಡು ಮನೆಗೆ ಒಯ್ದರು. ಆತ ಬಾಗಿಲಲ್ಲಿ ನಿಂತು, ಹೊರಗೆ ಬರುವ ಜನಕ್ಕೆ ಕನ್ನಡದಲ್ಲೊಮ್ಮೆ ಮರಾಠಿಯಲ್ಲೊಮ್ಮೆ ಹೇಳುತ್ತಿದ್ದ: "ಕೈ ಮುಟ್ಟಿಸ್ಕೋಬ್ಯಾಡ್ರಿ, ದೂರ ಸರೀರಿ, ಅಂಟತೈತಿ." ಸರೋಜಾಬಾಯಿ ಆ ದಿನವೇ ಬಸ್ಸು ಹತ್ತಿದರು. ಮತ್ತೆ ಬರಲಿಲ್ಲ. ಬರುವ ಅವಶ್ಯಕತೆಯೂ ಇರಲಿಲ್ಲ. ಮರುದಿನ ಕಾರ್ಖಾನೆಯಲ್ಲಿ, ಶೋಭಾಳನ್ನು ಹಿಡಿದು ಮನೆಗೆ ಒಯ್ದ ಆ ಇಬ್ಬರೂ ಹೆಂಚಿನ ಸಾಲಿನ ನಡುವೆ ಬಿದ್ದರು. ಅವರನ್ನು ಎತ್ತಿದವರಲ್ಲಿ ಒಬ್ಬಳು ಸಂಜೆಗೆ ಬಿದ್ದಳು. ಎಲ್ಲರೂ ಸಿನಿಮಾ ನೋಡಿದವರು. ಯಾರಿಂದ ಯಾರಿಗೆ ದಾಟಬೇಕೆಂಬುದು ಎಲ್ಲರಿಗೂ ಗೊತ್ತಿತ್ತು.

ಟಾಕೀಸು ತುಂಬಿತು. ಬೀಡಿ, ನಂದಗಡದಂಥ ಸುತ್ತಲ ಊರುಗಳಿಂದಲೂ ಜನ ಬಂದರು. ಎದೆ ಗಟ್ಟಿ ಇಲ್ಲದವರು ಒಳಗೆ ಬರಬಾರದೆಂದು ಆತ ಬೋರ್ಡು ಬರೆಸಿದ. ಬೋರ್ಡು ಓದಿದವರೆಲ್ಲ ಒಳಗೆ ಬಂದರು. ಟಿಕೆಟ್ ಕಿಟಕಿಯಲ್ಲಿ ಮಂತ್ರಿಸಿದ ನಿಂಬೆಹಣ್ಣು ಇಟ್ಟ. ಮಂತ್ರಿಸಿದ್ದು ಯಾರೆಂದರೆ ಆ ಕಸ ಗುಡಿಸುವ ಮುದುಕ, ಸಂತೆಯಿಂದ ಚೀಲದಲ್ಲಿ ಹೊತ್ತು ತಂದಿದ್ದ. ಬೆಳಗಾವಿಯ ಫೋನು ಬಂದಾಗ ಆತ ಈಗ ಕುಳಿತೇ ಮಾತನಾಡುತ್ತಿದ್ದ.

ನಾನು ಶೋಭಾಳ ಮನೆಗೆ ಹೋದೆ. ಕೊಟ್ಟಿಗೆಯ ಪಕ್ಕದ ಸಣ್ಣ ಕೋಣೆಯಲ್ಲಿ ಅವಳನ್ನು ಕೂರಿಸಿದ್ದರು. ಗಂಡಿನ ಮನೆಯವರು ಆಗಲೇ ಬಂದು ಸಂಬಂಧ ಬೇಡವೆಂದು ಹೇಳಿ ಹೋಗಿದ್ದರು. ತಾಯಿ ತಾಟನ್ನು ಹೊಸ್ತಿಲಿನಿಂದ ಕೋಲಿನಲ್ಲಿ ಒಳಗೆ ತಳ್ಳುತ್ತಿದ್ದಳು. ಕೂದಲು ಜಡೆಗಟ್ಟಿತ್ತು, ಬಾಚುವವರಿಲ್ಲ. ದೆವ್ವ ಬಿಡಿಸುವ ದೇವರುಷಿಯೊಬ್ಬನನ್ನು ಕರೆಸಿದ್ದರು. ಅವನು ಮೆಣಸಿನಕಾಯಿಯ ಹೊಗೆ ಹಾಕಿ ಬೆತ್ತದಿಂದ ಹೊಡೆಯುತ್ತಿದ್ದ. ಆ ಮನೆಯಲ್ಲಿ ಅವಳನ್ನು ಮುಟ್ಟುತ್ತಿದ್ದುದು ಆ ಬೆತ್ತವೊಂದೇ.

ನಾನು ಒಳಗೆ ಹೋಗಿ ಬಾಜೂಕ ಕುಳಿತೆ. ಅವಳು ಗೋಡೆಯ ಕಡೆ ಸರಿದಳು.

"ಮುಟ್ಟಬ್ಯಾಡ ಅಕ್ಕಾ. ನಿನಗೂ ಬರತೈತಿ."

"ಏನೂ ಬರೂದಿಲ್ಲ. ಅವತ್ತು ನಿನ್ನ ಕೈ ಹಿಡದಾಕಿ ನಾಟಕದಾಕಿ. ಸಾಹೇಬ್ರು ಕರಸಿದ್ರು."

ಅವಳು ನನ್ನನ್ನು ನೋಡಿದ ರೀತಿ ಇನ್ನೂ ಕಣ್ಣಿಗೆ ಕಟ್ಟಿದೆ. ಅಳುವ ಮಗುವಿಗೆ ಗುಮ್ಮ ಹೋದ ಎಂದರೆ ಮಗು ನೋಡುತ್ತದಲ್ಲ, ಹಾಗೆ. "ನನ್ನ ಸಮಾಧಾನಕ್ಕ ಹೇಳ್ತಿ ನೀ" ಎಂದಳು. "ಖರೇನ ದೆವ್ವ ಇಲ್ಲಂದ್ರ ಅವರಿಬ್ಬರಿಗೆ ಹೆಂಗ ಬಂತು? ನಾನ ಕೊಟ್ಟೇನಿ." ಬೆತ್ತದ ಬಾಸುಂಡೆಗಿಂತ ಅವಳನ್ನು ತಿನ್ನುತ್ತಿದ್ದುದು ಅದು: ಗೆಳತಿಯರಿಗೆ ತಾನು ಕೊಟ್ಟೆ ಎಂಬುದು.

ಅಲ್ಲಿಂದ ಸೀದಾ ಸಾಹೇಬರ ಕೋಣೆಗೆ ಹೋದೆ. "ಒಂದ್ಸಲ ಆಕೀ ಮನಿಗೆ ಬರ್ರಿ. ಅದು ನಾಟಕ ಇತ್ತು ಅಂತ ನೀವ ಒಂದು ಮಾತು ಹೇಳ್ರಿ. ನೀವು ಹೇಳಿದ್ರ ನಂಬತಾರ."

"ಹೇಳಿದ್ರ ನಾಳೆ ಕುರ್ಚಿ ತುಂಬತಾವೇನು?"

"ಆಕೀಗಿ ಹೊಡ್ಯಾಕತ್ತಾರ್ರೀ."

"ಯಾರು ಹೊಡ್ಯಾಕತ್ತಾರ?" ಎಂದ ಆತ, ಲವಂಗ ಈ ದವಡೆಯಿಂದ ಆ ದವಡೆಗೆ ಹೊರಳಿಸುತ್ತ. "ದೇವರುಷಿ? ಎಲ್ಲಿಯವ ಅಂವ?"

ನನ್ನ ಮಾತು ಮುಟ್ಟಿತೆಂದು ತಿಳಿದೆ. ಎರಡು ದಿನವೂ ಕಳೆದಿರಲಿಲ್ಲ, ಊರ ತುಂಬ ಆಟೋದಲ್ಲಿ ಮೈಕು ಕೂಗತೊಡಗಿತು. ಬರುವ ರವಿವಾರ ಮ್ಯಾಟಿನಿ ಆಟದ ಮಧ್ಯಂತರದಲ್ಲಿ, ಪರದೆಯ ಮುಂದೆ, ಅದೇ ಸಿನಿಮಾದಿಂದ ದೆವ್ವ ಹತ್ತಿದ ಹುಡುಗಿಗೆ ಎಲ್ಲರ ಸಮಕ್ಷಮ ದೆವ್ವ ಬಿಡಿಸಲಾಗುವುದು. ಹತ್ತಿದ ಜಾಗದಲ್ಲೇ ಬಿಡಿಸಬೇಕೆಂದು ದೇವರುಷಿಯ ಬಾಯಲ್ಲಿ ಹೇಳಿಸಿ ಶೋಭಾಳ ಅಪ್ಪನನ್ನು ಆತ ಒಪ್ಪಿಸಿದ್ದ. ಆ ಮನುಷ್ಯ ಎರಡೂ ಕೈ ಜೋಡಿಸಿ, "ತುಮ್ಚೇ ಉಪಕಾರ್ ಝಾಲೇ ಸಾಹೇಬ್" ಎಂದು ಮರಾಠಿಯಲ್ಲಿ ಉಪಕಾರ ಸ್ಮರಿಸುತ್ತಿದ್ದುದನ್ನು ನಾನೇ ಕಂಡೆ. ಆತ ಅವನ ಭುಜ ತಟ್ಟಿ ನಗುತ್ತಿದ್ದ.

ಶನಿವಾರ ನಾನು ಶಹಾಪುರಕ್ಕೆ ಹೋದೆ. ಮಗ್ಗಗಳ ಸದ್ದಿನ ನಡುವೆ ಸರೋಜಾಬಾಯಿಯ ಕೋಣೆ ಹುಡುಕಲು ತಡವಾಗಲಿಲ್ಲ. ನಾಟಕದಾಕಿ ಎಂದರೆ ಎಲ್ಲರೂ ತೋರಿಸುತ್ತಿದ್ದರು. ಎಲ್ಲವನ್ನೂ ಹೇಳಿದೆ.

"ಆ ಹುಡುಗಿ ಮಾರಿ ಕಣ್ಣಮುಂದಿಂದ ಹೋಗವಲ್ದು" ಎಂದರು ಅವರು. "ಅಷ್ಟು ವರ್ಷ ರಂಗದ ಮ್ಯಾಲ ಅತ್ತೇನಿ, ಸತ್ತೇನಿ. ಅಂಥಾ ಮಾರಿ ಎಲ್ಲೂ ನೋಡಿಲ್ಲ. ನನ್ನ ಕೈಯಾಗ ಖರೇನ ಏನರ ಐತೇನು ಅಂತ ನನಗ ಸಂಶೇ ಬಂದೈತಿ."

"ಬಂದು ಎಲ್ಲಾರ ಮುಂದ ಹೇಳ್ರಿ, ಬಾಯಾರ."

"ಹೇಳಿದ್ರ ನನ್ನ ಸುಮ್ನ ಬಿಡತಾರೇನು? ಕಲ್ಲು ಒಗೀತಾರ."

"ಆಕೀಗಿ ಬೆತ್ತದ ಏಟು ದಿನಾ ಬೀಳಾಕತ್ತಾವ."

ಅವರು ಎದ್ದು ತಂಬಿಗೆಯ ನೀರಿನಲ್ಲಿ ಮುಖ ತೊಳೆದುಕೊಂಡರು. "ಹೇಳೂದಲ್ಲ. ಮಾಡಿ ತೋರಸಬೇಕು" ಎಂದರು.

ರವಿವಾರ ಟಾಕೀಸಿನಲ್ಲಿ ಗೋಡೆಗೆ ಒರಗಿ ನಿಂತವರೇ ಕುಳಿತವರಷ್ಟಿದ್ದರು. ಮಧ್ಯಂತರದಲ್ಲಿ ದೀಪ ಹತ್ತಿದವು. ಪರದೆಯ ಮುಂದಿನ ಮರದ ಅಟ್ಟದ ಮೇಲೆ ಶೋಭಾಳನ್ನು ಚಾಪೆಯ ಮೇಲೆ ಕೂರಿಸಿದರು. ಅವಳು ಮೊಣಕಾಲಲ್ಲಿ ಮುಖ ಹುದುಗಿಸಿಕೊಂಡಿದ್ದಳು. ದೇವರುಷಿ ಬೆತ್ತ ಹಿಡಿದು ನಿಂತ. ಆತ ಹೊಸ ಸಫಾರಿ ತೊಟ್ಟು ಮೈಕು ಹಿಡಿದು, "ಬಂಧು ಭಗಿನಿಯರೇ" ಎಂದು ಶುರುಮಾಡಿದ. ಶೋಭಾಳಿಂದ ದೂರದಲ್ಲಿ, ಅಟ್ಟದ ಇನ್ನೊಂದು ತುದಿಯಲ್ಲಿ ನಿಂತಿದ್ದ. ನಾನು ಲೇಡೀಜ್ ಗೇಟು ತೆರೆದೆ. ಸರೋಜಾಬಾಯಿ ನಡುವಿನ ದಾರಿಯಲ್ಲಿ ನಡೆದು ಅಟ್ಟ ಹತ್ತಿದರು.

ಹತ್ತಿದವರೇ ತುರುಬು ಬಿಚ್ಚಿದರು. ಅದೇ ಚೀರಾಟ, ಅದೇ ಗಂಡುದನಿ, ತಿರುಗಿದ ಅವೇ ಕಣ್ಣುಗಳು. ಮುಂದಿನ ಸಾಲಿನವರು ಕುರ್ಚಿ ಬಿಟ್ಟು ಹಿಂದೆ ಓಡಿದರು. ದೇವರುಷಿ ಬೆತ್ತ ಎತ್ತಿದವನು ಹಾಗೇ ನಿಂತ. ಸರೋಜಾಬಾಯಿ ಅಟ್ಟದ ತುಂಬ ಹೊರಳಿ, ನೆಲ ಗುದ್ದಿ, ಒಮ್ಮೆಲೇ ಎದ್ದು ಕುಳಿತರು. ಕೂದಲನ್ನು ಎರಡೂ ಕೈಯಿಂದ ಹಿಂದಕ್ಕೆ ತಳ್ಳಿ ತುರುಬು ಕಟ್ಟಿಕೊಂಡರು. ಸೆರಗಿನಿಂದ ಬೆವರು ಒರೆಸಿಕೊಂಡು, ಬಾವಿಕಟ್ಟೆಯಲ್ಲಿ ಮಾತಾಡುವ ದನಿಯಲ್ಲಿ ಶೋಭಾಳಿಗೆ ಹೇಳಿದರು:

"ನೋಡಿದ್ಯಾ ತಂಗಿ? ಅವತ್ತು ನಿನ್ನ ಕೈ ಹಿಡದಾಕಿ ನಾನು. ಮೊದ್ಲು ಹೊಟ್ಟಿತುಂಬ ಉಸಿರು ತಗೋಬೇಕು, ಆಮ್ಯಾಲ ಧ್ವನಿ ಕೆಳಗ ಇಳಸಬೇಕು. ಕಂಪನ್ಯಾಗ ಕಲ್ತದ್ದು. ನನ್ನ ಹಂತ್ಯಾಕ ದೆವ್ವ ಇರಲಿಲ್ಲ. ಇಲ್ಲದ್ದನ್ನ ನಿನಗ ಹೆಂಗ ಕೊಡ್ಲಿ? ನೀ ಮತ್ತೊಬ್ಬರಿಗೆ ಹೆಂಗ ಕೊಟ್ಟಿ?"

ಶೋಭಾ ಮುಖ ಎತ್ತಿದಳು. ಮೈಕು ಹಿಡಿದವನ ಚುರುಕುತನವನ್ನು ಆಗ ನೋಡಬೇಕಿತ್ತು. ಒಂದು ಕ್ಷಣ ಬಾಯಿ ತೆರೆದು ನಿಂತ, ಮರುಕ್ಷಣ ನಗು ಬಂತು. "ಕೇಳಿದ್ರೇನ್ರೀ? ದೆವ್ವ ಹೆಂಗ ಸುಳ್ಳು ಹೇಳತೈತಿ ಕೇಳಿದ್ರಿ? ಈ ಬಾಯೀ ಮೈಯಾಗ ಹೊಕ್ಕು ಮಾತಾಡಾಕತ್ತೈತಿ. ಯಾರೂ ಮುಟ್ಟಬ್ಯಾಡ್ರಿ." ಜನರಲ್ಲಿ ಗುಜುಗುಜು ಎದ್ದಿತು. ಒಬ್ಬ ಹೌದೆಂದ. ದೇವರುಷಿ ಮತ್ತೆ ಬೆತ್ತ ಎತ್ತಿ ಈ ಸಲ ಸರೋಜಾಬಾಯಿಯ ಕಡೆ ತಿರುಗಿದ. ಅವರನ್ನು ಕರೆದು ತಂದವಳು ನಾನು.

ಸರೋಜಾಬಾಯಿ ಅವನನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಎದ್ದು ಮೈಕಿನ ಕಡೆ ನಡೆದರು. ಬಲಗೈ ಚಾಚಿದರು.

"ಸಾಹೇಬ್ರ, ನನ್ನ ಶಹಾಪುರದಿಂದ ಕರಕೊಂಡು ಬಂದವರು ನೀವು. ಪಾರ್ಟು ಹೇಳಿಕೊಟ್ಟವರು ನೀವು. ದೆವ್ವ ಐತೋ ಇಲ್ಲೋ ನಿಮಗ ಗೊತ್ತೈತಿ. ನನ್ನ ಕೈ ಹಿಡೀರಿ."

ಆತ ಒಂದು ಹೆಜ್ಜೆ ಹಿಂದೆ ಸರಿದ.

ಇದನ್ನು ನಾನು ಗೇಟಿನ ಹತ್ತಿರದಿಂದ ನೋಡಿದೆ, ಕಲ್ಪಿಸಿ ಬರೆಯುತ್ತಿಲ್ಲ. ಹಿಡಿದಿದ್ದರೆ ಆತ ಗೆಲ್ಲಬಹುದಿತ್ತು. ಹಿಡಿದು, ಏನೋ ಒಂದು ಮಂತ್ರ ಒದರಿ, ದೆವ್ವ ಬಿಡಿಸಿದೆ ಎಂದಿದ್ದರೆ ಜನ ಹೆಗಲ ಮೇಲೆ ಹೊತ್ತುಕೊಳ್ಳುತ್ತಿದ್ದರು. ಆದರೆ ಹಿಡಿಯಲಾಗಲಿಲ್ಲ. ಮುಖದ ಬಣ್ಣ ಇಳಿದು ಕಿವಿಯ ಮೇಲಿನ ಕಪ್ಪು ಮಾತ್ರ ಉಳಿದಿತ್ತು. ತಾನೇ ಬಸ್ಸಿನಲ್ಲಿ ಕರೆತಂದು, ತಾನೇ ಚಹಾ ಕುಡಿಸಿದ ಹೆಂಗಸಿನ ಕೈಗೆ ಆ ಮನುಷ್ಯ ಹೆದರಿದ್ದ. ಊರಿಗೆಲ್ಲ ಅಂಟಿಸುತ್ತ ಅಂಟಿಸುತ್ತ ತನಗೂ ಅಂಟಿಸಿಕೊಂಡಿದ್ದ.

"ಹಿಡೀರಲ್ಲಾ" ಎಂದು ಅವರು ಇನ್ನೊಂದು ಹೆಜ್ಜೆ ಇಟ್ಟರು. ಆತ ಇನ್ನೊಂದು ಹೆಜ್ಜೆ ಹಿಂದೆ. ಹೀಗೆ ಅಟ್ಟದ ತುದಿಗೆ ಬಂದು, ಮೈಕಿನ ವೈರು ಕಾಲಿಗೆ ಸುತ್ತಿ, ಹೊಸ ಸಫಾರಿಯ ಸಮೇತ ಕೆಳಗೆ ಕುಂಡಿಯೂರಿ ಬಿದ್ದ. ಎದ್ದವನು ಜನರ ಕಡೆ ನೋಡಲಿಲ್ಲ. ಪರದೆಯ ಹಿಂದೆ ನುಸುಳಿ ಹೋದ. ವೈರು ಇನ್ನೂ ಕಾಲಿಗೆ ಸಿಕ್ಕಿದ್ದರಿಂದ ಮೈಕು ಟಣಟಣ ಸದ್ದು ಮಾಡುತ್ತ ಹಿಂದೆಯೇ ಉರುಳಿಕೊಂಡು ಹೋಯಿತು.

ಮೊದಲು ನಕ್ಕವರು ಯಾರೋ ನನಗೆ ತಿಳಿಯದು. ಆಮೇಲೆ ಒಬ್ಬರಿಂದ ಒಬ್ಬರಿಗೆ ಇಡೀ ಟಾಕೀಸು ನಕ್ಕಿತು. ಗೋಡೆಗೆ ಒರಗಿದವರು ಹೊಟ್ಟೆ ಹಿಡಿದುಕೊಂಡು ಕುಕ್ಕರಿಸಿದರು. ದೇವರುಷಿ ಬೆತ್ತವನ್ನು ಕಂಕುಳಲ್ಲಿ ಇಟ್ಟುಕೊಂಡು ಪಕ್ಕದ ಬಾಗಿಲಿನಿಂದ ಹೊರಟುಹೋದ. ಶೋಭಾ ನಗಲಿಲ್ಲ. ಸರೋಜಾಬಾಯಿ ತಿರುಗಿ ಬಂದು ಅವಳ ಹಿಂದೆ ಕುಳಿತು, ಜಡೆಗಟ್ಟಿದ ಕೂದಲನ್ನು ಬೆರಳಿನಿಂದ ಬಿಡಿಸತೊಡಗಿದಾಗ ಅವಳಿಗೆ ಅಳು ಬಂತು. ತಾಯಿ ಅಟ್ಟದ ಕೆಳಗೆ ನಿಂತಿದ್ದಳು. ಎಷ್ಟೋ ಹೊತ್ತಿನ ಮೇಲೆ ಮೇಲೆ ಹತ್ತಿ, ಮಗಳ ಪಾದವನ್ನು ಮೆಲ್ಲಗೆ ಮುಟ್ಟಿದಳು.

ಅಂದೇ ಎಲ್ಲ ಸರಿಹೋಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಶೋಭಾ ಆಮೇಲೂ ಬಿದ್ದಳು. ಆದರೆ ಬಿದ್ದಾಗ ಹಿಡಿಯುವವರಿದ್ದರು. ಬರಬರುತ್ತ ಬೀಳುವುದು ನಿಂತಿತು. ಕಾರ್ಖಾನೆಯ ಹುಡುಗಿಯರು ಅದಕ್ಕೂ ಮೊದಲೇ ಎದ್ದು ಕೆಲಸಕ್ಕೆ ಹೋಗಿದ್ದರು. ಸಾಹೇಬರು ಬಿದ್ದದ್ದನ್ನು ಕುರಿತು ನಕ್ಕು ನಕ್ಕು ಅವರಿಗೆ ಬೀಳಲು ಪುರಸತ್ತು ಇರಲಿಲ್ಲ. ಮುರಿದ ಮದುವೆ ಮತ್ತೆ ಕೂಡಲಿಲ್ಲ. "ಅದೊಂದು ಛಲೋ ಆತು ಅಕ್ಕಾ" ಎಂದು ಶೋಭಾ ನನಗೆ ಆಮೇಲೆ ಹೇಳಿದಳು. ಅವಳನ್ನು ಸರೋಜಾಬಾಯಿ ತಮ್ಮ ಜೊತೆ ಶಹಾಪುರಕ್ಕೆ ಕರೆದೊಯ್ದರು. ಅಲ್ಲಿ ನೂಲು ಸುತ್ತುವ ಕೆಲಸ ಕಲಿತಳು. ಕೆಲವು ವರ್ಷಗಳ ನಂತರ ಮಗ್ಗ ನಡೆಸುವ ಹುಡುಗನನ್ನೇ, ನೋಡಿ, ಒಪ್ಪಿ ಮದುವೆಯಾದಳು.

ಆತನಿಗೆ ಏನಾಯಿತು? ಏನೂ ಆಗಲಿಲ್ಲ.

ಮ್ಯಾನೇಜರು ಬಿದ್ದ ಟಾಕೀಸು ನೋಡಬೇಕೆಂದು ಜನ ಇನ್ನೂ ಒಂದು ವಾರ ಬಂದರು, ಚಿತ್ರ ಓಡಿತು. ಬಿದ್ದದ್ದೂ ತನ್ನ ಪ್ಲಾನೇ ಎಂದು ಆತ ಮಾಲೀಕರಿಗೆ ಫೋನಿನಲ್ಲಿ ಹೇಳುತ್ತಿದ್ದುದನ್ನು ನಾನು ಕಿಟಕಿಯ ಹೊರಗಿನಿಂದ ಕೇಳಿದೆ. ಆಮೇಲೆ ನನ್ನನ್ನು ಕರೆದು, "ನಾಳಿಂದ ಬರಬ್ಯಾಡ ತಂಗಿ. ಗೇಟು ಕಾಯಾಕ ಹೇಳಿದ್ರ ಗೇಟು ತಗದೀ" ಎಂದ. ಆಗಲೂ ನಕ್ಕ. ನಾನು ಅನಗೋಳಕ್ಕೆ ಮರಳಿ ಉಳಿದ ವಿಷಯ ಪಾಸು ಮಾಡಿಕೊಂಡೆ.

ಎಷ್ಟೋ ವರ್ಷಗಳ ಮೇಲೆ ಆತನನ್ನು ಇನ್ನೊಮ್ಮೆ ನೋಡಿದೆ. ಶೋಭಾಳ ನಾದಿನಿಯ ಮದುವೆ, ಬೆಳಗಾವಿಯ ಒಂದು ಕಲ್ಯಾಣ ಮಂಟಪದಲ್ಲಿ. ಊಟಕ್ಕೆ ಶೋಭಾ ನನ್ನ ಬಾಜೂಕ ಕುಳಿತಿದ್ದಳು. ಮಂಟಪದ ಮ್ಯಾನೇಜರು ಸಾಲುಗಳ ನಡುವೆ ಓಡಾಡುತ್ತ ಉಪಚಾರ ಮಾಡುತ್ತಿದ್ದ: ಬಿಳಿ ಸಫಾರಿ, ಕಪ್ಪು ಕೂದಲು, ಅದೇ ನಗು. ನಮ್ಮ ಎದುರಿನ ಸಾಲಿನ ಗಂಡಸರು ಟಿವಿಯಲ್ಲಿ ನೋಡಿದ ಯಾವುದೋ ದೆವ್ವದ ಸಿನಿಮಾದ ಮಾತು ತೆಗೆದಿದ್ದರು. ಆತ ಅಲ್ಲೇ ನಿಂತ.

"ದೆವ್ವದ ಸುದ್ದಿ ನನಗ ಕೇಳ್ರಿ. ಖಾನಾಪುರದಾಗ ಟಾಕೀಜ್ ನಡಸ್ತಿದ್ನಿ. ಒಂದು ಹುಡುಗೀಗಿ ಹತ್ತಿತ್ತು. ದೇವರುಷಿಗಳು ಕೈ ಚೆಲ್ಲಿ ಹೋದ್ರು. ಸ್ಟೇಜ್ ಮ್ಯಾಲ, ಸಾವಿರ ಮಂದಿ ಮುಂದ, ನಾನ ಆಕೀ ಕೈ ಹಿಡದು ಬಿಡಿಸಿದ್ನಿ."

"ಅಂಜಿಕಿ ಆಗಲಿಲ್ಲೇನ್ರೀ?" ಎಂದು ಒಬ್ಬರು ಕೇಳಿದರು.

"ಅಂಜಿದ್ರ ನಡೀತೈತೇನ್ರೀ?"

"ಈಗ ಎಲ್ಲಿ ಅದಾಳ್ರೀ ಆ ಹುಡುಗಿ?"

"ಯಾರಿಗೆ ಗೊತ್ತು. ಅಂಥವರು ಭಾಳ ದಿವಸ ಬದುಕೂದಿಲ್ಲ ಬಿಡ್ರಿ."

ನನ್ನ ಕೈಯ ತುತ್ತು ಹಾಗೇ ನಿಂತಿತು. ಬಾಯಿ ತೆರೆಯಬೇಕೆನ್ನುವಷ್ಟರಲ್ಲಿ ಶೋಭಾ ನನ್ನ ಮೊಣಕೈಯನ್ನು ಮೆಲ್ಲಗೆ ಒತ್ತಿದಳು. ಆಮೇಲೆ ತಲೆ ಎತ್ತಿ, ಆತನ ಮುಖವನ್ನೇ ನೋಡುತ್ತ ಹೇಳಿದಳು:

"ಬದುಕ್ಯಾಳ್ರೀ ಆಕಿ. ಇಲ್ಲೊಂದಿಷ್ಟು ಸಾರು ಹಾಕಸ್ರಿ."

ಆತ ಅವಳತ್ತ ತಿರುಗಿ ನಕ್ಕ. ಗುರುತು ಹತ್ತಲಿಲ್ಲ. "ಏ, ಬಾಯಾರಿಗಿ ಸಾರು ಹಾಕ್ರಪಾ" ಎಂದು ಬಡಿಸುವವನನ್ನು ಕೂಗಿ ಮುಂದಿನ ಸಾಲಿಗೆ ಹೋದ. ಸಾರು ಬಿಸಿಯಾಗಿತ್ತು. ಶೋಭಾ ಅನ್ನ ಕಲಸಿಕೊಂಡು ಊಟ ಮಾಡಿದಳು.